ಲಾಭದ ಗ್ಯಾಲನ್

ಗಂಗತ್ತೆ ನೀರು ಅಳೆಯಲು ನಿಂತರೆ ನಮ್ಮ ಮನೆಯಲ್ಲಿ ಯಾರೂ ಪಿಟಕ್ಕೆನ್ನುವಂತಿರಲಿಲ್ಲ. ನಾನು ಹುಟ್ಟು ಬಾಯಿಬಡುಕಿ, ನಿದ್ದೆಯಲ್ಲೂ ವಟಗುಟ್ಟುತ್ತಿದ್ದೆನಂತೆ. ಅಂಥ ನಾನೂ ಆ ಹೊತ್ತಿಗೆ ತುಟಿ ಬಿಗಿಹಿಡಿದು ಹೊಸ್ತಿಲ ಈಚೆ ಕೂತಿರುತ್ತಿದ್ದೆ. ಚಿತ್ತವಾಡ್ಗಿಯ ಆ ಮನೆಗೆ ಇದ್ದದ್ದು ಮೂರೇ ಖೋಲಿ, ಒಂದರ ಹಿಂದೊಂದು. ಬೀದಿಯ ಕಡೆಯದರಲ್ಲಿ ಅಪ್ಪನ ಗೋಲಿಸೋಡಾ ಮಷೀನು. ಬಾಟಲಿ ಸಿಕ್ಕಿಸಿ ಹಿಡಿಕೆ ತಿರುಗಿಸಿದರೆ ಗೋಲಿಗಳು ಕಟಕಟ ಎಂದು ಕೊರಳಿಗೆ ಬಂದು ಕೂರುತ್ತಿದ್ದವು. ನಡುವಿನ ಖೋಲಿಯಲ್ಲಿ ನಾವು ಉಣ್ಣುವುದು, ಮಲಗುವುದು, ಜಗಳವಾಡುವುದು. ಹಿಂದಿನದು ಅತ್ತೆಯ ಪಾಕದ ಖೋಲಿ. ಅಲ್ಲಿ ಕಲ್ಲಿನ ಒಲೆಯ ಮೇಲೆ ಕಲಾಯಿ ಹಾಕಿದ ತಾಮ್ರದ ಕೊಪ್ಪರಿಗೆ, ಜಂತಿಯಿಂದ ಜೋತುಬಿದ್ದ ಸುಗಂಧಿ ಬೇರಿನ ಕಟ್ಟುಗಳು, ಮೂಲೆಯಲ್ಲಿ ಸಕ್ಕರೆಯ ಚೀಲ. ಆ ಖೋಲಿಯಿಂದ ಹೊರಬಂದವರ ಮೈ ಸಂಜೆಯವರೆಗೂ ಘಮ್ಮೆನ್ನುತ್ತಿತ್ತು. ಸಾಲೆಯಲ್ಲಿ ನನ್ನ ಪಕ್ಕ ಕೂರಲು ಹುಡುಗಿಯರು ಜಗಳವಾಡುತ್ತಿದ್ದರು, ಅದಕ್ಕೆ ಕಾರಣ ನನ್ನ ಗುಣವಲ್ಲ, ನನ್ನ ವಾಸನೆ.

ಆ ಕಾಲಕ್ಕೆ ಹೊಸಪೇಟೆಯ ಗಾಳಿಯೇ ಸಿಹಿಯಾಗಿತ್ತು. ಡ್ಯಾಮಿನ ಕಾಲುವೆ ಹರಿದಲ್ಲೆಲ್ಲ ಕಬ್ಬು ಎದ್ದು ನಿಂತಿತ್ತು. ಸಕ್ಕರೆ ಫ್ಯಾಕ್ಟರಿಯತ್ತ ಹೋಗುವ ಗಾಡಿಗಳ ಹಿಂದೆ ನಾವು ಓಡಿ ಓಡಿ ಒಂದೊಂದು ಜಲ್ಲೆ ಎಳೆದುಕೊಳ್ಳುತ್ತಿದ್ದೆವು. ಗಾಡಿಯವನು ಬೈಯುತ್ತಿದ್ದ, ಆದರೆ ಬಾರುಕೋಲು ಎತ್ತುತ್ತಿರಲಿಲ್ಲ. ಜೋಳದ ರೊಟ್ಟಿಯ ಮನೆಗಳಲ್ಲಿ ವಾರದ ನಡುವೆಯೂ ಅನ್ನ ಕಾಣಿಸತೊಡಗಿತ್ತು. ದುಡಿದು ಬಂದವರಿಗೆ ಬಾಯಿ ತಂಪು ಮಾಡಿಕೊಳ್ಳುವ ಆಸೆಯೂ ಹುಟ್ಟಿತ್ತು. ಆ ಆಸೆಗೆ ಉತ್ತರ ನಮ್ಮ ಅತ್ತೆ ಸುಗಂಧಿ ಬೇರಿನಿಂದ ಮಾಡುವ ನನ್ನಾರಿ ಶರಬತ್ತು. ಬಸ್ ಸ್ಟ್ಯಾಂಡಿನ ಅಂಗಡಿಗಳಿಗೆ, ಹಂಪಿಯ ದಾರಿಯ ಡಬ್ಬಾ ಅಂಗಡಿಗಳಿಗೆ, ಸಂಡೂರಿನ ಗಣಿ ಲಾರಿಗಳು ನಿಲ್ಲುವ ಕಟ್ಟೆಗೆ ಆಕೆಯ ಪಾಕ ಹೋಗುತ್ತಿತ್ತು. ಗ್ಲಾಸಿನ ತಳಕ್ಕೆ ಎರಡು ಚಮಚ ಪಾಕ, ಅರ್ಧ ನಿಂಬೆಹಣ್ಣು, ಮೇಲಿಂದ ಅಪ್ಪನ ಸೋಡಾ. ಕುಡಿದವರು ಸುಮ್ಮನೆ ಹೋಗುತ್ತಿರಲಿಲ್ಲ, ಇನ್ನೊಂದು ಕೇಳುತ್ತಿದ್ದರು.

ಗಂಗತ್ತೆ ಅಪ್ಪನ ಅಕ್ಕ. ಕಂಪ್ಲಿಗೆ ಕೊಟ್ಟಿದ್ದರು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ಜ್ವರ ಬಂದು ತೀರಿಕೊಂಡ. ಗಂಡನ ಮನೆಯವರು ಆ ಸಾವನ್ನು ತಂದು ಆಕೆಯ ಕಾಲ್ಗುಣಕ್ಕೆ ಕಟ್ಟಿದರು. ಬತ್ತದ ಕಣದಿಂದ ಹಿಡಿದು ಕೊಟ್ಟಿಗೆಯ ಸಗಣಿಯವರೆಗೆ ದುಡಿಸಿಕೊಂಡರು, ಎದುರಿಗೆ ಬಂದರೆ ಮುಖ ತಿರುಗಿಸಿದರು. ಅಪ್ಪ ಹೋಗಿ ಕರೆದುಕೊಂಡು ಬಂದಾಗ ಆಕೆಯ ಕೈಯಲ್ಲಿ ಇದ್ದದ್ದು ಒಂದು ಬಟ್ಟೆಯ ಗಂಟು ಮತ್ತು ಪಾಕ ಮಾಡುವ ವಿದ್ಯೆ. ಆ ವಿದ್ಯೆಯಿಂದಲೇ ತಮ್ಮನ ಸೋಡಾ ಅಂಗಡಿಗೆ ಹೆಸರು ತಂದಳು. ತಾನು ಇಲ್ಲಿ ತಿನ್ನುವ ಅನ್ನ ಪಾಕದ ಅನ್ನ ಎಂದು ಆಕೆ ಬಾಯಿಬಿಟ್ಟೇ ಹೇಳುತ್ತಿದ್ದಳು. ಅಪ್ಪ ಎಷ್ಟು ಸಲ "ಹಂಗ್ಯಾಕ ಅಂತೀ ಅಕ್ಕಾ" ಅಂದರೂ ಆಕೆಯ ತಲೆಯಿಂದ ಅದು ಹೋಗಲಿಲ್ಲ.

ಅವ್ವನಿಗೂ ಅತ್ತೆಗೂ ದಿನಾ ಜಗಳ. ಅವ್ವ ಸಂಡೂರು ಕಡೆಯ ಬಂಡ್ರಿಯವಳು, ಗುಡ್ಡದ ಹೆಣ್ಣು, ಮಾತು ಕಲ್ಲು ಉರುಳಿದ ಹಾಗೆ. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಎಷ್ಟು ಎಂಬುದರಿಂದ ಶುರುವಾದದ್ದು ಬಾವಿಯ ಹಗ್ಗ ಯಾರು ಒದ್ದೆ ಬಿಟ್ಟರು ಎಂಬಲ್ಲಿಗೆ ಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಜಗಳ ಕೊಪ್ಪರಿಗೆಯದು. ಪಾಕ ಮಾಡುವವಳು ಅತ್ತೆ, ಆಮೇಲೆ ಕೊಪ್ಪರಿಗೆಯೊಳಗೆ ಅರ್ಧ ಮೈ ತೂರಿಸಿ ತಿಕ್ಕುವವಳು ಅವ್ವ.

"ಬೂದಿ ಹಾಕಿ ತಿಕ್ಕಿ ತಿಕ್ಕಿ ನನ್ನ ಉಗುರು ಸವದು ಹೋದವು. ಆ ಕೆಂಪು ಗೆರಿ ಹೋಗವಲ್ದು," ಎಂದು ಅವ್ವ ಹಿತ್ತಿಲಿಂದ ಕೂಗುತ್ತಿದ್ದಳು.

"ನಿನಗ ತಿಕ್ಕಾಕ ಬರಂಗಿಲ್ಲ ಅನ್ನು. ಗೆರಿ ಮ್ಯಾಲೆ ಯಾಕ ಹಾಕ್ತಿ?" ಎಂದು ಅತ್ತೆ ಒಳಗಿಂದಲೇ ಉತ್ತರ ಕೊಡುತ್ತಿದ್ದಳು.

ಆ ಗೆರೆ ಬೇರಿನ ನೀರಿನದು. ಪಾಕದ ಹಿಂದಿನ ದಿನವೇ ಕೊಪ್ಪರಿಗೆಗೆ ನೀರು ಅಳೆದು ಹಾಕಿ, ಜಜ್ಜಿದ ಬೇರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದರಲ್ಲಿ ಇಳಿಬಿಡುತ್ತಿದ್ದರು. ಮರುದಿನಕ್ಕೆ ನೀರು ಕೆಂಪಗಾಗುತ್ತಿತ್ತು. ನೀರು ಎಲ್ಲಿಯವರೆಗೆ ನಿಂತಿತ್ತೋ ಅಲ್ಲಿ ಕಲಾಯಿಯ ಮೇಲೆ ಒಂದು ಬಳೆಯಂಥ ಗುರುತು ಉಳಿಯುತ್ತಿತ್ತು. ವರ್ಷಗಟ್ಟಲೆ ಪ್ರತಿಸಲ ಅದೇ ಜಾಗದಲ್ಲಿ ನಿಂತೂ ನಿಂತೂ ಆ ಬಣ್ಣ ಹೋಗದಂತೆ ಕೂತುಬಿಟ್ಟಿತ್ತು.

ನೀರು ಅಳೆಯುತ್ತಿದ್ದದ್ದು ಗ್ಯಾಲನ್ನಿನಲ್ಲಿ. ಡ್ಯಾಮು ಕಟ್ಟುವಾಗ ಕ್ಯಾಂಪಿನಲ್ಲಿ ಕೆಲಸ ಮಾಡಿದ್ದ ಅಜ್ಜ ತಂದಿಟ್ಟ ದಪ್ಪ ತಗಡಿನ ಅಳತೆ ಅದು, ಒಂದು ಗ್ಯಾಲನ್ನಿಗೆ ಸರಿಯಾದದ್ದು. ಅತ್ತೆ ಸ್ನಾನ ಮಾಡಿ, ಮೂಡಣಕ್ಕೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಮೊದಲ ಅಳತೆ ತುಂಬಿ ಸುರಿಯುವಾಗ ಗಟ್ಟಿಯಾಗಿ "ಲಾಭ" ಅನ್ನುತ್ತಿದ್ದಳು. ಕಣದಲ್ಲಿ ಜೋಳ ಅಳೆದರೂ ಸಂತೆಯಲ್ಲಿ ಶೇಂಗಾ ಅಳೆದರೂ ನಮ್ಮ ಕಡೆ ಮೊದಲನೆಯದಕ್ಕೆ ಲಾಭ ಅನ್ನುವುದೇ ರೂಢಿ, ಹಾಗೆಂದರೆ ಮನೆ ತುಂಬುತ್ತದೆ ಎಂದು ನಂಬಿಕೆ. ಮುಂದಿನ ಎಣಿಕೆ ಆಕೆಯ ಬಾಯೊಳಗೇ ಮಣಮಣ ನಡೆದು, ಕೊನೆಗೆ ಮತ್ತೆ ಗಟ್ಟಿಯಾಗಿ "ನಾಲ್ಕು" ಅಂತ ಕೇಳಿಸುತ್ತಿತ್ತು. ಆಗ ನಾವೆಲ್ಲ ಮಾತಾಡಬಹುದಿತ್ತು. ನಾಲ್ಕು ಗ್ಯಾಲನ್ ನೀರಿಗೆ ಇಷ್ಟು ಬುಟ್ಟಿ ಸಕ್ಕರೆ, ಇಷ್ಟು ಹಿಡಿ ಬೇರು, ಒಂದು ಹೊರೆ ಕಟ್ಟಿಗೆ ಉರಿದು ಮುಗಿದ ಮೇಲೆ ಇಳಿಸುವುದು. ಅದು ನಮ್ಮ ಮನೆಯ ಪಾಕದ ಲೆಕ್ಕ. ನಾಲ್ಕು ಗ್ಯಾಲನ್ ಎಂಬುದನ್ನು ನಾನು ನನ್ನ ಹೆಸರು ಕಲಿಯುವ ಮೊದಲೇ ಕಲಿತಿದ್ದೆ ಅನ್ನಿಸುತ್ತದೆ.

ಆಮೇಲೆ ಲೀಟರು ಬಂತು. ಪೇಟೆಯಲ್ಲಿ ಅದರ ಮಾತು ಮೊದಲಿನಿಂದಲೂ ಇತ್ತು, ಆದರೆ ಗ್ಯಾಲನ್ನಿನಲ್ಲಿ ಪಾಕ ಕೊಳ್ಳುತ್ತಿದ್ದ ಅಂಗಡಿಯವರು ಒಬ್ಬೊಬ್ಬರಾಗಿ ಲೀಟರಿನಲ್ಲಿ ಕೊಡಿ ಎನ್ನಲು ಶುರುಮಾಡಿದರು. ಅಳತೆ ನೋಡುವ ಸಾಹೇಬರು ಅಂಗಡಿ ಅಂಗಡಿಗೆ ಬಂದು ಮುದ್ರೆ ಪರೀಕ್ಷೆ ಮಾಡುತ್ತಾರೆ ಎಂಬ ಸುದ್ದಿಯೂ ಬಂತು. ಅಪ್ಪನಿಗೆ ಹೊಸದೆಂದರೆ ಹಬ್ಬ. ಒಂದು ದಿನ ಗ್ಯಾಲನ್ ಅಳತೆಯನ್ನು ಬಗಲಲ್ಲಿ ಇಟ್ಟುಕೊಂಡು ಪೇಟೆಗೆ ಹೋದವನು ಅದನ್ನು ಪಾತ್ರೆ ಅಂಗಡಿಯಲ್ಲಿ ಹಳೇ ತಗಡಿಗೆ ಕೊಟ್ಟು, ಮುದ್ರೆ ಹೊಡೆದ ಲೀಟರಿನದೊಂದು, ಅರ್ಧ ಲೀಟರಿನದೊಂದು ಅಳತೆ ತಂದ.

"ಗ್ಯಾಲನ್ನಿನ ಕಾಲ ಮುಗೀತು ಅಕ್ಕಾ. ಇನ್ನ ಮ್ಯಾಲೆ ಇದ," ಅಂದ.

ಅತ್ತೆ ಆ ಹೊಸ ಅಳತೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇಷ್ಟ ಸಣ್ಣದಾಗ ಎಷ್ಟ ಸಲ ಸುರೀಲಿ? ನಾಲ್ಕು ಅನ್ನೂದರಾಗ ಕೆಲಸ ಮುಗೀತಿತ್ತು."

"ನಮ್ಮ ರತ್ನಿ ಹೇಳ್ತಾಳ ತಡಿ. ಲೇ ರತ್ನೀ, ನಾಲ್ಕು ಗ್ಯಾಲನ್ ಅಂದ್ರ ಎಷ್ಟು ಲೀಟರ್?"

ಇಂಥ ದಿನಕ್ಕಾಗಿಯೇ ನಾನು ಹುಟ್ಟಿದ್ದೆ ಎನ್ನಿಸಿತು. ಸಾಲೆಯಲ್ಲಿ ಆ ವರ್ಷ ಅದನ್ನೇ ಬಾಯಿಪಾಠ ಮಾಡಿಸುತ್ತಿದ್ದರು. ಒಂದು ಗ್ಯಾಲನ್ನಿಗೆ ನಾಲ್ಕೂವರೆ ಲೀಟರು, ಮೇಲೆ ಒಂಚೂರು ಚಿಲ್ಲರೆ. ಸೋಡಾ ಮಷೀನಿನ ಹಿಂದಿನ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡದಾಗಿ ಬರೆದು ಗುಣಿಸಿದೆ. ಹದಿನೆಂಟು. ಅಪ್ಪ ಮೀಸೆ ತಿರುವಿ, ಬಾಟಲಿ ತೊಳೆಯಲು ಬಂದಿದ್ದವರಿಗೆಲ್ಲ ಅದನ್ನು ತೋರಿಸಿದ. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಅತ್ತೆ ಎಂದಿನಂತೆ ಮೂಡಣಕ್ಕೆ ಮುಖ ಮಾಡಿ "ಲಾಭ" ಎಂದು ಶುರುಮಾಡಿ "ಹದಿನೆಂಟು" ಎಂದು ಮುಗಿಸಿದಳು. ಪಾಕ ಇಳಿಯಿತು. ಬಿಸಿಯಿದ್ದಾಗ ನೋಡಲು ಎಂದಿನ ಹಾಗೆಯೇ ಇತ್ತು, ಡಬ್ಬಿ ತುಂಬಿ ಕಳಿಸಿದೆವು. ವಾರ ಕಳೆಯುವುದರೊಳಗೆ ಬಸ್ ಸ್ಟ್ಯಾಂಡಿನ ಅಂಗಡಿಯಾತ ಡಬ್ಬಿ ವಾಪಸ್ ತಂದು ಕಟ್ಟೆಯ ಮೇಲೆ ಇಟ್ಟ. ತಳದಲ್ಲಿ ಕಲ್ಲುಸಕ್ಕರೆಯ ಹಾಗೆ ಹರಳು ಕಟ್ಟಿತ್ತು. ಮೇಲಿನ ಪಾಕ ನಾಲಿಗೆಗೆ ಇಟ್ಟರೆ ಒಗರು ಒಗರು. ಅಪ್ಪ ಸಕ್ಕರೆಯ ಚೀಲ ಬದಲಾಯಿಸಿದ. ಮತ್ತೆ ಹರಳು ಕಟ್ಟಿತು. ಬೇರು ಹಳೆಯದು ಎಂದು ಬಂಡ್ರಿಯಿಂದ ಅವ್ವನ ಅಣ್ಣನ ಕೈಲಿ ಹೊಸ ಬೇರು ತರಿಸಿದರು. ಮತ್ತೆ ಅದೇ ಗತಿ. ಸಂಡೂರಿನ ಕಟ್ಟೆಯಿಂದಲೂ ಡಬ್ಬಿ ತಿರುಗಿ ಬಂತು. ಅದರ ಜೊತೆಗೆ ಒಂದು ಮಾತೂ ಬಂತು, "ನಿಮ್ಮ ಅಕ್ಕನ ಕೈಗುಣ ಹೋತು ಬಿಡ್ರಿ" ಅಂತ. ಅದನ್ನು ಹೇಳಿದವನು ಕೆಟ್ಟ ಮನುಷ್ಯನೇನಲ್ಲ, ಬೇಜಾರಿನಿಂದ ಹೇಳಿದ. ಆದರೆ ಅತ್ತೆ ನಡುವಿನ ಖೋಲಿಯಲ್ಲೇ ಇದ್ದಳು, ಕೇಳಿಸಿಕೊಂಡಳು.

ಅವತ್ತು ಅಪ್ಪ ನನ್ನನ್ನೂ ಕೇಳಿದ. "ಲೇ, ನಿನ್ನ ಹದಿನೆಂಟು ಸರಿ ಐತೇನು? ನೋಡು ಇನ್ನೊಮ್ಮೆ."

ನನಗೆ ಮೈಯೆಲ್ಲ ಉರಿಯಿತು. ನನ್ನ ಲೆಕ್ಕ ತಪ್ಪಿರಲಿಲ್ಲ. ಇವತ್ತು ತಲೆ ಬೆಳ್ಳಗಾದ ಮೇಲೂ ಹೇಳುತ್ತೇನೆ, ತಪ್ಪಿರಲಿಲ್ಲ. ಮಾಸ್ತರರ ಹತ್ತಿರ ಹೋಗಿ ಕೇಳಿಕೊಂಡು ಬಂದೆ. ಅವರೂ ಹದಿನೆಂಟು ಅಂದರು, ಮೇಲೆ ಚಿಲ್ಲರೆ ಎಷ್ಟು ಎಂಬುದನ್ನೂ ಹೇಳಿದರು. ಲೆಕ್ಕ ಸರಿ, ಸಕ್ಕರೆ ಸರಿ, ಬೇರು ಸರಿ. ಹಾಗಾದರೆ ಉಳಿದದ್ದು ಅತ್ತೆಯ ಕೈ ಒಂದೇ ಎಂದು ಯಾರೂ ಹೇಳಲಿಲ್ಲ, ಆದರೆ ಮನೆಯಲ್ಲಿ ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು. ಅತ್ತೆಯೇ ಎಲ್ಲರಿಗಿಂತ ಮೊದಲು ಯೋಚಿಸಿದ್ದಳು.

ಕಂಪ್ಲಿ ಕಡೆ ಹೋಗುವ ಒಬ್ಬ ಗಾಡಿಯವನ ಕೈಲಿ ಆಕೆ ಭಾವನಿಗೆ, ಅಂದರೆ ತೀರಿಹೋದ ಗಂಡನ ಅಣ್ಣನಿಗೆ, ಹೇಳಿ ಕಳಿಸಿದ್ದಳು. ಬಂದು ಕರೆದುಕೊಂಡು ಹೋಗಿ, ಅಲ್ಲೇ ಬಿದ್ದಿರುತ್ತೇನೆ ಅಂತ. ನಮಗೆ ಅದು ಗೊತ್ತಾದದ್ದು ಊಟಕ್ಕೆ ಕೂತಾಗ. ಅಪ್ಪನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

"ಅಲ್ಲಿಗ್ಯಾಕ ಹೋಗ್ತೀ ಅಕ್ಕಾ? ಅವರು ನಿನಗ ಏನೇನ ಅಂದಾರ ಮರತಿಯೇನು?"

"ಅಂದಿದ್ದು ಖರೇನ ಇರಬೇಕಪ್ಪ. ಅಲ್ಲಿ ಕಾಲಿಟ್ಟೆ, ಅವ್ರು ಹೋದ್ರು. ಇಲ್ಲಿ ಕೈ ಇಟ್ಟೆ, ನಿನ್ನ ಅಂಗಡಿ ಹೊಂಟೈತಿ. ಇನ್ನೊಂದು ಪಾಕ ಮಾಡಿ, ಕೊಡ್ತೀವಿ ಅಂತ ಮಾತು ಕೊಟ್ಟವರಿಗೆ ಕೊಟ್ಟು ಹೋಗಿಬಿಡ್ತೀನಿ."

ಇದಕ್ಕೆ ಅವ್ವ ಖುಷಿಪಡುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ದಿನಾ ಜಗಳವಾಡುವವಳು, ಕೊಪ್ಪರಿಗೆ ತಿಕ್ಕುವುದು ತಪ್ಪುತ್ತದೆ. ಅವ್ವ ಅನ್ನದ ಗಡಿಗೆಯನ್ನು ದಡ್ ಅಂತ ಕೆಳಗಿಟ್ಟಳು.

"ಕೈಯಂತ, ಕಾಲಂತ. ಇಷ್ಟ ವರ್ಷ ಇದ್ದ ಕೈ ಲೀಟರ್ ಹಿಡಿದ ಕೂಡ್ಲೇ ಹೆಂಗ ಕೆಡತೈತಿ? ನಾ ನೋಡ್ತೀನಿ ತಡೀರಿ," ಎಂದಳು.

ಮರುದಿನ ಬೆಳಿಗ್ಗೆ ಅತ್ತೆ ಬಟ್ಟೆ ಒಗೆಯಲು ಬಸವಣ್ಣ ಕಾಲುವೆಗೆ ಹೋದಳು. ಹಿಂದಿನ ದಿನವೇ ಬೇರು ನೆನೆಹಾಕಿ ಆಗಿತ್ತು. ಅವ್ವ ಕೊಪ್ಪರಿಗೆಯ ಮುಚ್ಚಳ ಸರಿಸಿ ಬಗ್ಗಿ ನೋಡಿದಳು. ಆ ಖೋಲಿಯಲ್ಲಿ ಬೆಳಕು ಕಡಿಮೆ. ದೀಪ ತಾ ಎಂದಳು. ದೀಪ ಹಿಡಿದು ನಾನೂ ಬಗ್ಗಿದೆ. ಕೆಂಪು ಗೆರೆ ಇದ್ದಲ್ಲೇ ಇತ್ತು. ನೀರು ಮಾತ್ರ ಅದಕ್ಕಿಂತ ಎಷ್ಟೋ ಕೆಳಗಿತ್ತು.

"ನೋಡಿದಿ? ನೀರು ಗೆರಿ ಮುಟ್ಟಿಲ್ಲ," ಅಂದಳು ಅವ್ವ. ಅದನ್ನು ಹೇಳುವಾಗ ಆಕೆಯ ದನಿ ಸಣ್ಣಗಾಗಿತ್ತು. "ಇಷ್ಟ ವರ್ಷ ತಿಕ್ಕೀನಿ, ಈ ಗೆರಿ ಎಲ್ಲೈತಿ ಅಂತ ಕಣ್ಣು ಮುಚ್ಚಿದ್ರೂ ಗೊತ್ತು. ಮೂರು ಪಾಕದಿಂದ ತಿಕ್ಕೂವಾಗ ಏನೋ ಬ್ಯಾರೆ ಅನಸ್ತಿತ್ತು. ಲೀಟರ್ ತಗೊಂಬಾ."

ಅವ್ವ ಯಾರ ಬಾಯಿಮಾತನ್ನೂ ನಂಬುವವಳಲ್ಲ. ಮೊದಲು ಇದ್ದ ನೀರನ್ನೇ ಅಳೆಯಬೇಕೆಂದಳು. ಬೇರಿನ ಗಂಟು ಎತ್ತಿ ತಟ್ಟೆಯಲ್ಲಿಟ್ಟು, ಕೊಪ್ಪರಿಗೆಯ ನೀರನ್ನು ಲೀಟರಿನಿಂದ ಮೊಗೆದು ಮೊಗೆದು ಹಂಡೆಗೆ ಹಾಕಿದಳು. ನಾನು ಎಣಿಸಿದೆ. ಹತ್ತೊಂಬತ್ತು ಬಂತು.

"ಹದಿನೆಂಟು ಅಂದಿದ್ಲಲ್ಲ?"

"ಹೌದವ್ವ. ನಾನ ಕೇಳೀನಿ, ಕೊನೀಗೆ ಹದಿನೆಂಟು ಅಂದಳು."

"ಹಂಗಾದ್ರ ಈ ಒಂದು ಎಲ್ಲಿಂದ ಬಂತು?"

ಇಬ್ಬರಿಗೂ ತಿಳಿಯಲಿಲ್ಲ. ಅವ್ವ ಅದನ್ನು ಅಲ್ಲಿಗೇ ಬಿಟ್ಟು, ಹಂಡೆಯ ನೀರನ್ನೆಲ್ಲ ಕೊಪ್ಪರಿಗೆಗೆ ತಿರುಗಿ ಸುರಿದು, ಬೇರಿನ ಗಂಟನ್ನೂ ಇಳಿಬಿಟ್ಟಳು. ಗಂಟು ಇದ್ದರೆ ನೀರು ಏರುತ್ತದೆ, ಅದಿಲ್ಲದೆ ಗೆರೆಗೆ ಅರ್ಥವಿಲ್ಲ ಅಂದಳು. ಆಮೇಲೆ ಗೆರೆ ಮುಟ್ಟುವವರೆಗೆ ಹೊಸ ನೀರು ಅಳೆದು ಹಾಕಿದಳು. ಹತ್ತೊಂಬತ್ತರ ಮೇಲೆ ಮೂರು ಲೀಟರು, ಅರ್ಧ ಲೀಟರಿನದೊಂದು, ಕೊನೆಗೆ ಒಂದು ಸಣ್ಣ ಲೋಟ. ನೀರು ಗೆರೆಯ ಮೇಲೆ ಬಂದು ನಿಂತಿತು. ಬಳೆ ತೊಡಿಸಿದ ಹಾಗೆ ಕೂತಿತು.

"ಇಪ್ಪತ್ತೆರಡೂವರಿ, ಮ್ಯಾಲೊಂದು ಲೋಟ. ಇದು ಎಷ್ಟು ಗ್ಯಾಲನ್ ಆತು? ಹೇಳು ನಿನ್ನ ಸಾಲಿ ಲೆಕ್ಕದಾಗ."

ಅಷ್ಟರವರೆಗೆ ಗ್ಯಾಲನ್ನನ್ನು ಲೀಟರಿಗೆ ತರುವುದನ್ನಷ್ಟೇ ಮಾಡಿದ್ದೆ. ಲೀಟರನ್ನು ಗ್ಯಾಲನ್ನಿಗೆ ಒಯ್ಯುವುದನ್ನು ಯಾರೂ ಕೇಳಿರಲಿಲ್ಲ. ನೆಲದ ಮೇಲೆ ಒದ್ದೆ ಬೆರಳಿನಿಂದ ಬರೆದು, ನಾಲ್ಕೂವರೆಯನ್ನು ಒಂದೊಂದಾಗಿ ಕಳೆಯುತ್ತ ಹೋದೆ. ಒಂದು ಸಲ, ಎರಡು ಸಲ. ನಾಲ್ಕು ಸಲ ಕಳೆದ ಮೇಲೂ ಇನ್ನೂ ನಾಲ್ಕೂವರೆ ಮತ್ತು ಆ ಲೋಟ ಉಳಿದಿತ್ತು. ಐದನೆಯದನ್ನೂ ಕಳೆದೆ, ಲೋಟವೊಂದೇ ಉಳಿಯಿತು. ಮಾಸ್ತರರು ಹೇಳಿದ್ದ ಚಿಲ್ಲರೆ ನೆನಪಾಯಿತು. ಗ್ಯಾಲನ್ನಿಗೊಂದು ಚೂರಿನಂತೆ ಐದು ಚೂರು ಸೇರಿಸಿದರೆ ಆ ಲೋಟಕ್ಕೂ ಲೆಕ್ಕ ಸಿಕ್ಕಿತು.

"ಐದು ಗ್ಯಾಲನ್ ಅವ್ವ. ನಾಲ್ಕಲ್ಲ. ನಮ್ಮನ್ಯಾಗ ಯಾವಾಗಲೂ ಐದು ಗ್ಯಾಲನ್ ಹಾಕ್ತಿದ್ರು."

ಅವ್ವ ಗೋಡೆಗೆ ಒರಗಿ ಕೂತಳು. ಗ್ಯಾಲನ್ನಿನಲ್ಲಿ ಅಳೆದಾಗ ಒಂದು ಗ್ಯಾಲನ್ ಜಾಸ್ತಿ. ಲೀಟರಿನಲ್ಲಿ ಅಳೆದಾಗ ಒಂದು ಲೀಟರ್ ಜಾಸ್ತಿ. ಎರಡು ಕಡೆಯೂ ಅತ್ತೆ ಹೇಳಿದ್ದಕ್ಕಿಂತ ಒಂದು ಅಳತೆ ಹೆಚ್ಚು. ಅಷ್ಟು ಹೊತ್ತಿಗೆ ಅತ್ತೆ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದಳು. ಕೊಪ್ಪರಿಗೆಯ ಸುತ್ತ ಚೆಲ್ಲಿದ ನೀರು ನೋಡಿ ಆಕೆಯ ಮುಖ ಕೆಂಪಾಯಿತು. ತನ್ನ ಅಳತೆಯನ್ನು ಬೇರೆಯವರು ಮುಟ್ಟುವುದನ್ನು ಆಕೆ ಎಂದೂ ಸಹಿಸಿದವಳಲ್ಲ.

"ಹೋಗೂದರೊಳಗ ನನ್ನ ಕೊಪ್ಪರಿಗಿಗೂ ಕೈ ಹಾಕಿದಿ?"

"ಅಕ್ಕಾ, ಸಿಟ್ಟು ಆಮ್ಯಾಲೆ ಮಾಡುವಂತಿ. ಮೊದ್ಲು ಇಲ್ಲಿ ಬಾ. ನೀರು ಅಳದು ತೋರಿಸು, ಗಟ್ಟಿಯಾಗಿ ಎಣಿಸು."

ಏನೂ ತಿಳಿಯದ ಅತ್ತೆ ಖಾಲಿ ಹಂಡೆಗೆ ಲೀಟರಿನಿಂದ ನೀರು ಸುರಿಯುತ್ತ ಎಣಿಸಿದಳು. "ಲಾಭ." ಒಂದು ಲೀಟರು ಹಂಡೆಗೆ 'ಬುಳ್' ಎಂದು ಬಿತ್ತು. ಆಮೇಲೆ ಮತ್ತೆ ತುಂಬಿಕೊಂಡು, "ಒಂದು." ಮತ್ತೆ ತುಂಬಿ, "ಎರಡು."

ಅವ್ವ ಆಕೆಯ ಕೈ ಹಿಡಿದು ನಿಲ್ಲಿಸಿದಳು. "ಲಾಭ ಆದ ಮ್ಯಾಲೆ ಒಂದೇನು? ನಮ್ಮೂರಾಗ ಲಾಭನ ಒಂದು. ಲಾಭ, ಎರಡು, ಮೂರು ಅಂತೀವಿ."

"ಕಂಪ್ಲ್ಯಾಗ ನಮ್ಮತ್ತಿ ಹಂಗ ಕಲಿಸಿದ್ಲು. ಲಾಭ ದೇವ್ರದ್ದು, ಲೆಕ್ಕಕ್ಕ ಹಿಡೀಬಾರ್ದು. ಆಮ್ಯಾಲೆ ಒಂದು ಅಂತ ಸುರು ಮಾಡಬೇಕು." ಅತ್ತೆ ನಮ್ಮಿಬ್ಬರ ಮುಖ ನೋಡಿದಳು. "ಯಾಕ? ನಿಮ್ಮ ಕಡೆ ಹಂಗಲ್ಲೇನು?"

ನಮ್ಮ ಕಡೆ ಹಾಗಲ್ಲ. ಚಿತ್ತವಾಡ್ಗಿಯಲ್ಲಿ, ಅತ್ತೆ ಹುಟ್ಟಿದ ಇದೇ ಮನೆಯಲ್ಲಿ, ಲಾಭ ಎಂದರೆ ಒಂದೇ. ಅಪ್ಪನೂ ಹಾಗೇ ಬೆಳೆದವನು. ಆತ ಕೇಳಿದ್ದು ಶುರುವಿನ "ಲಾಭ", ಕೊನೆಯ "ನಾಲ್ಕು". ನಡುವೆ ಎಷ್ಟು ಸಲ ಸುರಿದಳು ಎಂದು ಯಾರೂ ಬಗ್ಗಿ ನೋಡಿರಲಿಲ್ಲ, ನೋಡಲು ಆಕೆ ಬಿಟ್ಟಿರಲೂ ಇಲ್ಲ. ಚಿಕ್ಕಂದಿನಲ್ಲೇ ಕಂಪ್ಲಿಗೆ ಹೋದವಳು ಅಲ್ಲಿಯ ರೂಢಿಯನ್ನು ಮೈಗೆ ಹಚ್ಚಿಕೊಂಡು ಬಂದಿದ್ದಳು. ಗ್ಯಾಲನ್ ಇದ್ದಾಗ ದೇವರ ಪಾಲು ಒಂದು ಗ್ಯಾಲನ್ ನೀರು, ಅಂದರೆ ನಾಲ್ಕೂವರೆ ಲೀಟರು. ಲೀಟರು ಬಂದ ಮೇಲೆ ದೇವರ ಪಾಲೂ ಒಂದೇ ಲೀಟರಿಗೆ ಇಳಿಯಿತು. ಆ ಮೂರೂವರೆ ಲೀಟರ್ ಚಿಲ್ಲರೆ ನೀರು ಕಡಿಮೆಯಾದದ್ದಕ್ಕೇ ಸಕ್ಕರೆ ಹರಳು ಕಟ್ಟಿತ್ತು, ಬೇರು ಒಗರಾಗಿತ್ತು. ಆಕೆಯ ಕೈ ಮೊದಲ ದಿನ ಏನು ಮಾಡುತ್ತಿತ್ತೋ ಇವತ್ತೂ ಅದನ್ನೇ ಮಾಡುತ್ತಿತ್ತು.

ನಾನು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಎರಡನೇ ಸಲ ಅವ್ವ ಹೇಳಿದಳು, ತನ್ನ ಕಲ್ಲು ಉರುಳಿಸುವ ದನಿಯಲ್ಲಿ. ಅತ್ತೆ ಕೊಪ್ಪರಿಗೆಯ ಅಂಚು ಹಿಡಿದುಕೊಂಡು ಒಳಗೆ ನೋಡಿದಳು. ಗೆರೆಗೆ ಬಂದು ನಿಂತ ನೀರಿಗೆ ಬೆರಳು ಅದ್ದಿದಳು.

"ನನಗೂ ನೀರು ಕಮ್ಮಿ ಅನಸ್ತಿತ್ತು," ಅಂದಳು. "ಲೆಕ್ಕ ಸರಿ ಐತಿ ಅಂತ ಎಲ್ರೂ ಅಂದ್ರಲ್ಲ, ನಾನ ಹಾಳು ಅಂತ ಬಾಯಿ ಮುಚಿಗೊಂಡೆ."

ಆ ಮಾತು ಕೇಳಿ ಅವ್ವ ಅತ್ತಳು. ಅವ್ವ ಅಳುವುದನ್ನು ನಾನು ನೋಡಿದ್ದೇ ಕಡಿಮೆ. ಅಳುತ್ತಲೇ ಬೈದಳು, "ಬಾಯಿ ಮುಚಿಗೊಳ್ಳೂದು ನನ್ನ ಮುಂದ ಒಂದಿನಾನೂ ಮಾಡಲಿಲ್ಲ, ಊರ ಮುಂದ ಯಾಕ ಮಾಡಿದಿ?"

ಆ ಪಾಕ ಮಾಡುವಾಗ ಅಪ್ಪ ಸೋಡಾ ಮಷೀನು ನಿಲ್ಲಿಸಿ ಒಳಗೆ ಬಂದು ನಿಂತ. ಅತ್ತೆ ಲಾಭವನ್ನು ಬಿಡಲು ಒಪ್ಪಲಿಲ್ಲ, ಲೆಕ್ಕಕ್ಕೆ ಸೇರಿಸಲೂ ಒಪ್ಪಲಿಲ್ಲ. ದೇವರ ಜೊತೆ ನಾವೂ ಜಗಳವಾಡಲಿಲ್ಲ. ಮುಂದಿನ ಪಾಕದಿಂದ ಲಾಭ ಒಂದು, ಅದರ ಮೇಲೆ ಇಪ್ಪತ್ತೊಂದು, ಅರ್ಧ, ಲೋಟ ಎಂದು ನಾನು ಗೋಡೆಯ ಮೇಲೆ ಹೊಸದಾಗಿ ಬರೆದೆ. ಹದಿನೆಂಟನ್ನು ಅಳಿಸಲು ಬಿಡಲಿಲ್ಲ. ಅದೂ ಸರಿಯಾದ ಲೆಕ್ಕವೇ, ತಪ್ಪು ನೀರಿಗೆ ಮಾಡಿದ ಸರಿಯಾದ ಲೆಕ್ಕ. ಮುಂದೆ ಈ ಅಂಗಡಿ ನನ್ನ ಕೈಗೆ ಬಂದ ಮೇಲೆ ಯಾರು ಯಾವ ಅಂಕಿ ತಂದುಕೊಟ್ಟರೂ ನಾನು ಮೊದಲು ಕೇಳಿದ್ದು ಒಂದೇ: ಇದನ್ನು ಅಳೆದವರು ಯಾರು, ಎಲ್ಲಿಂದ ಎಣಿಸಲು ಶುರುಮಾಡಿದರು? ಎಷ್ಟೋ ಜನ ನಕ್ಕಿದ್ದಾರೆ, ನಾನು ಕೇಳುವುದನ್ನು ಬಿಟ್ಟಿಲ್ಲ.

ಆದರೆ ಪಾಕ ಹರಳು ಕಟ್ಟುತ್ತದೋ ಇಲ್ಲವೋ ಎಂಬುದು ಅವತ್ತೇ ಗೊತ್ತಾಗುವಂಥದ್ದಲ್ಲ. ಡಬ್ಬಿಯನ್ನು ನಡುವಿನ ಖೋಲಿಯಲ್ಲಿ ಇಟ್ಟು ಮುಚ್ಚಿದೆವು. ಯಾರೂ ಮುಟ್ಟಬಾರದು ಎಂದು ಅವ್ವ ಹುಕುಂ ಮಾಡಿದಳು. ಅತ್ತೆ ಹೊರಡಲು ಕಟ್ಟಿಟ್ಟಿದ್ದ ಬಟ್ಟೆಯ ಗಂಟನ್ನು ಬಿಚ್ಚಲಿಲ್ಲ. ಹರಳು ಕಟ್ಟಿದರೆ ಹೋಗುವವಳೇ ಎಂದು ಆಕೆಯ ಮುಖ ಹೇಳುತ್ತಿತ್ತು. ಡಬ್ಬಿ ತೆರೆಯಬೇಕೆಂದುಕೊಂಡಿದ್ದ ದಿನವೇ ಕಂಪ್ಲಿಯ ಬಸ್ಸಿನಿಂದ ಭಾವ ಇಳಿದು ಬಂದರು. ಎತ್ತರದ ಆಳು, ಬಿಳಿ ಅಂಗಿ, ಕೈಯಲ್ಲಿ ಛತ್ರಿ. ಕಾಲುವೆಯ ನೀರಿಗೆ ಬತ್ತ ಬೆಳೆದು ಚೆನ್ನಾಗಿಯೇ ಇದ್ದರು. ತಮ್ಮ ತಾಯಿ ಹಾಸಿಗೆ ಹಿಡಿದಿದ್ದಾಳೆ, ನೋಡಿಕೊಳ್ಳಲು ಆಳು ಬೇಕಿತ್ತು, ಹೇಳಿ ಕಳಿಸಿದ್ದು ಒಳ್ಳೆಯದೇ ಆಯಿತು ಎಂದು ಅಪ್ಪನಿಗೆ ಹೇಳುತ್ತ ಕಟ್ಟೆಯ ಮೇಲೆ ಕೂತರು.

ಅವ್ವ ಸರಸರ ಒಳಗೆ ಹೋದಳು. ನೇರ ಡಬ್ಬಿಯನ್ನೇ ಎತ್ತಿ ತಂದು ಅವರ ಮುಂದೆ ಇಟ್ಟು, ಮುಚ್ಚಳ ತೆಗೆದು, ದೊಡ್ಡ ಪಾತ್ರೆಗೆ ಬಗ್ಗಿಸಿದಳು. ಪಾಕ ಜೇನಿನಂತೆ ಇಳಿಯಿತು. ನಾನು ಅಪ್ಪನ ಅಂಗಿಯ ತುದಿ ಹಿಡಿದುಕೊಂಡಿದ್ದೆ. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಪಾಕ ಇಳಿಯಿತು, ಇಳಿಯಿತು, ಕೊನೆಯ ಹನಿಯೂ ಬಿತ್ತು. ಅವ್ವ ಡಬ್ಬಿಯೊಳಗೆ ಮೊಳಕೈಯವರೆಗೆ ಕೈ ಹಾಕಿ ತಳವನ್ನೆಲ್ಲ ಸವರಿ, ಬೆರಳುಗಳನ್ನು ಬೆಳಕಿಗೆ ಹಿಡಿದಳು. ಒಂದೇ ಒಂದು ಹರಳಿರಲಿಲ್ಲ.

ನಾನು ಕುಣಿದೆ. ಅಪ್ಪ ಒಂದು ಗ್ಲಾಸಿಗೆ ಪಾಕ ಹಾಕಿ, ನಿಂಬೆ ಹಿಂಡಿ, ಬಾಟಲಿಯ ಗೋಲಿ ಒತ್ತಿ ಸೋಡಾ ಸುರಿದು ಭಾವನ ಕೈಗೆ ಕೊಟ್ಟ. ಬಿಸಿಲಲ್ಲಿ ಬಂದವರು ಗಟಗಟ ಕುಡಿದು ಖಾಲಿ ಗ್ಲಾಸನ್ನು ನೋಡಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ, "ಹೂಂ, ನಡಿ. ಹನ್ನೆರಡರ ಬಸ್ಸಿಗೆ ಹೋಗೂಣು," ಅಂದರು.

ನಾವೆಲ್ಲ ಅಪ್ಪನ ಕಡೆ ನೋಡಿದೆವು. ಅಪ್ಪ ಬಾಯಿ ತೆರೆಯುವುದರೊಳಗೆ ಅತ್ತೆ ಮುಂದೆ ಬಂದಳು. ಅವರ ಎದುರು ಆಕೆ ತಲೆ ಎತ್ತಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

"ಭಾವಾರ, ಉಂಡು ಹೋಗ್ರಿ. ನಾ ಬರಂಗಿಲ್ಲ."

"ಹೇಳಿ ಕಳಿಸಿದಾಕಿ ನೀನ ಅಲ್ಲೇನು?"

"ಹೌದ್ರಿ. ಅವತ್ತು ಎಲ್ಲಾ ತಪ್ಪು ನಂದ ಅಂತ ತಿಳಕೊಂಡಿದ್ದೆ." ಅತ್ತೆ ಪಾಕದ ಪಾತ್ರೆಯತ್ತ ಕೈ ತೋರಿಸಿದಳು. "ನಂದಲ್ರಿ. ಈ ಪಾಕ ಕೆಟ್ಟಿದ್ದೂ ನಂದಲ್ಲ, ನಿಮ್ಮ ತಮ್ಮ ಹೋಗಿದ್ದೂ ನಂದಲ್ಲ."

ಭಾವ ಛತ್ರಿಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡರು. ಅಪ್ಪನ ಮುಖ ನೋಡಿದರು. ಅಪ್ಪ, "ಅಕ್ಕ ಹೇಳಿದ್ಲಲ್ರಿ," ಎಂದಷ್ಟೇ ಅಂದ. ಅವ್ವ ಅವರ ಕೈಯಿಂದ ಖಾಲಿ ಗ್ಲಾಸು ತೆಗೆದುಕೊಂಡಳು. ಮುಖದಲ್ಲಿ ನಗು ತಡೆಯಲು ಆಗದೆ, ತುಂಬ ಮರ್ಯಾದೆಯಿಂದ ಕೇಳಿದಳು.

"ಇನ್ನೊಂದು ಗ್ಲಾಸ್ ಹಾಕ್ಲೇನ್ರಿ? ನಮ್ಮಕ್ಕ ಮಾಡಿದ್ದು."